ಉದಕಮಂಡಲದ ಸಸ್ಯೋದ್ಯಾನವೂ ನೀಲಗಿರಿಯ ಸ್ವಂತ ಗಿಡಗಳೂ

ಗೊಬ್ಬೂರಿನಂಥ ಬಯಲುಸೀಮೆಯ ಊರುಗಳಲ್ಲಿ ಮಳೆಗಾಲದ ನೆಗಡಿಗಾಗಲಿ ಚಳಿಗಾಲದ ಕೆಮ್ಮಿಗಾಗಲಿ ಮನೆಯ ಹಿರಿಯರು ಮೊದಲು ಹುಡುಕುವದು ಮಾಡದೊಳಗಿನ ನೀಲಗಿರಿ ಎಣ್ಣೆಯ ಶೀಶೆಯನ್ನು. ಕುದಿಯುವ ನೀರಿಗೆ ನಾಲ್ಕು ಹನಿ ಹಾಕಿ, ಹುಡುಗರಿಗೆ ಕಂಬಳಿ ಮುಸುಕಿ ಉಗಿ ಹಿಡಿಸುವ ಪದ್ಧತಿಯು ಎಲ್ಲರಿಗೂ ಗೊತ್ತಿದ್ದುದೇ. ಈ ಎಣ್ಣೆಯನ್ನು ಕೊಡುವ ಮರಕ್ಕೂ ಕನ್ನಡದಲ್ಲಿ ನೀಲಗಿರಿ ಎಂದೇ ಹೆಸರು. ಆದರೆ ಆ ಮರವು ನೀಲಗಿರಿಯದಲ್ಲ. ಅದರ ತವರು ಆಸ್ಟ್ರೇಲಿಯದ ಆಗ್ನೇಯ ಭಾಗ ಮತ್ತು ಟಾಸ್ಮೇನಿಯ ದ್ವೀಪ. ಅದು ಈ ದೇಶದ ಆ ಬೆಟ್ಟವನ್ನು ಸೇರಿ ಇನ್ನೂ ಇನ್ನೂರು ವರುಷಗಳು ತುಂಬಿಲ್ಲ. ಹೊರಗಿನಿಂದ ಬಂದ ಮರವೊಂದು ಬೆಟ್ಟದ ಹೆಸರನ್ನೇ ತನ್ನದಾಗಿ ಮಾಡಿಕೊಂಡಿತು; ಬೆಟ್ಟದಲ್ಲಿಯೇ ಹುಟ್ಟಿ ಬೆಳೆದ ಗಿಡಗಳಾದರೋ ಬಯಲಿನವರ ಬಾಯಲ್ಲಿ ಒಂದು ಹೆಸರನ್ನೂ ಪಡೆಯಲಿಲ್ಲ. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಉದಕಮಂಡಲದ ಸಸ್ಯೋದ್ಯಾನದ ಚರಿತ್ರೆಯನ್ನು ನೋಡಬೇಕು. ಆ ಉದ್ಯಾನವು ಹುಟ್ಟಿದ ಕಾಲವೂ ಈ ಮರವು ಬೆಟ್ಟವನ್ನೇರಿದ ಕಾಲವೂ ಒಂದೇ. ಎರಡಕ್ಕೂ ಪ್ರೇರಕವಾದ ಬುದ್ಧಿಯೂ ಒಂದೇ.

ನೀಲಗಿರಿಯು ಈಗ ತಮಿಳುನಾಡಿಗೆ ಸೇರಿದ ಜಿಲ್ಲೆಯಾದರೂ ಕನ್ನಡಿಗರಿಗೆ ಅದು ಪರಸ್ಥಳವಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋದರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದ ಸಂಗತಿಯು ಚಾಮರಾಜನಗರದ ೧೧೧೭ರ ಶಾಸನದಿಂದ ತಿಳಿದುಬರುತ್ತದೆ. ತೋದರೆಂದರೆ ಇಂದಿಗೂ ಆ ಬೆಟ್ಟದ ಮೇಲೆ ಎಮ್ಮೆಗಳನ್ನು ಸಾಕಿಕೊಂಡಿರುವ ತೋಡರು. ಅಲ್ಲಿಯ ಒಕ್ಕಲುಮಕ್ಕಳಾದ ಬಡಗರು ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರೆಂದು ಹೇಳಿಕೊಳ್ಳುವರು. ಬಡಗು ಎಂದರೆ ಉತ್ತರ ದಿಕ್ಕು. ಬಡಗಣಿಂದ ಬಂದವರಾದ ಕಾರಣ ಆ ಹೆಸರು. ಅವರ ನುಡಿಯು ಕನ್ನಡಕ್ಕೆ ತೀರ ಸಮೀಪವಾದುದು. ಅಲ್ಲಿಯ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಈ ಹೆಸರಿಗೆ ಕನ್ನಡಿಗರಲ್ಲಿ ಯಾರಿಗೂ ಅರ್ಥವನ್ನು ಹೇಳಬೇಕಾಗಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬೀಳುವವರೆಗೆ ಈ ಪ್ರದೇಶವು ಮೈಸೂರಿನ ಅಧೀನದಲ್ಲಿದ್ದು, ಅನಂತರ ಕಂಪನಿ ಸರಕಾರದ ಕೈಸೇರಿತು.

ಕಲಬುರಗಿಯು ಸಮುದ್ರಮಟ್ಟಕ್ಕಿಂತ ಸುಮಾರು ೧,೫೦೦ ಅಡಿ ಎತ್ತರದಲ್ಲಿರುವದು. ದೊಡ್ಡಬೆಟ್ಟದ ಎತ್ತರವು ಸುಮಾರು ೮,೬೫೦ ಅಡಿ. ಆ ಶಿಖರದ ಇಳಿಜಾರಿನಲ್ಲಿ, ೭,೪೦೦ ಅಡಿಗಳಿಂದ ೮,೨೦೦ ಅಡಿಗಳ ನಡುವೆ, ಸುಮಾರು ೫೫ ಎಕರೆ ನೆಲದಲ್ಲಿ ಸಸ್ಯೋದ್ಯಾನವು ಹಬ್ಬಿಕೊಂಡಿರುವದು. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಇಷ್ಟು ಎತ್ತರವನ್ನೇರಿದರೆ ಮರಗಳ ಮೇರೆಯು ಮುಗಿದುಹೋಗುವದು. ಅಲ್ಲಿ ಮೇಲುಗಡೆಗೆ ಕಾಣುವವು ಬಂಡೆಗಳ ಸಂದಿನಲ್ಲಿ ಹರಡಿಕೊಂಡು ಬದುಕುವ ಕಿರುಗಿಡಗಳು ಮಾತ್ರ. ಅವುಗಳಿಗೆ ಶಾಸ್ತ್ರಜ್ಞರು ಆಲ್ಪೈನ್ ಸಸ್ಯಗಳೆನ್ನುವರು. ನೀಲಗಿರಿಯು ಸಮಭಾಜಕ ವೃತ್ತಕ್ಕೆ ಹತ್ತಿರವಾಗಿರುವದರಿಂದ ಅದರ ನೆತ್ತಿಯ ಮೇಲೆಯೂ ಮರವು ಬೆಳೆಯಬಲ್ಲದು. ಆದುದರಿಂದ ಕಟ್ಟುನಿಟ್ಟಾಗಿ ನೋಡಿದರೆ ದಕ್ಷಿಣ ಭಾರತದಲ್ಲಿ ಆಲ್ಪೈನ್ ಸಸ್ಯಗಳೆಂಬವು ಇಲ್ಲ. ಆದರೂ ಮಾರ್ಗಶಿರ ಪುಷ್ಯ ಮಾಸಗಳ ಬೆಳಗಿನ ಜಾವದಲ್ಲಿ ಅಲ್ಲಿಯ ತಗ್ಗುಗಳಲ್ಲಿ ಇಬ್ಬನಿಯು ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗುವದುಂಟು. ಅಂಥ ಚಳಿಗೂ ಮಧ್ಯಾಹ್ನದ ತೀಕ್ಷ್ಣವಾದ ಬಿಸಿಲಿಗೂ ಗಾಳಿಗೂ ಒಗ್ಗಿಕೊಂಡ ಸಸ್ಯಸಮುದಾಯವೊಂದು ಅಲ್ಲಿರುವದು. ಬಯಲಿನ ಗಿಡಗಳಿಗೂ ಇವುಗಳಿಗೂ ಯಾವ ಹೋಲಿಕೆಯೂ ಇಲ್ಲ.

ಈ ಸಸ್ಯಸಮುದಾಯಕ್ಕೆ ಮೂರು ಅಂಗಗಳು. ಬೆಟ್ಟದ ಮಡಿಕೆಗಳಲ್ಲಿ, ನೀರು ಇಳಿಯುವ ಕಡೆ, ಕುಳ್ಳಾದ ದಟ್ಟ ಮರಗಳ ಚಿಕ್ಕ ಚಿಕ್ಕ ಕಾಡುಗಳು. ಇವಕ್ಕೆ ಶೋಲೆಗಳೆಂದು ಹೆಸರು. ಶೋಲೆಗಳ ಸುತ್ತಲೂ ದಿಣ್ಣೆಗಳ ಮೇಲೆಲ್ಲ ಹರಡಿದ ಹುಲ್ಲುಗಾವಲು. ದಿಣ್ಣೆಗಳ ನಡುವಣ ತಗ್ಗುಗಳಲ್ಲಿ ಜವುಗು ನೆಲ. ಹುಲ್ಲಿನ ನಡುವೆ ಅಲ್ಲಲ್ಲಿ ಒಂಟಿಯಾಗಿ ನಿಂತು ಕೆಂಪು ಹೂಗೊಂಚಲುಗಳನ್ನು ಬಿಡುವ ರೋಡೊಡೆಂಡ್ರಾನ್ ಎಂಬ ಮರವುಂಟು. ಇದರ ಹತ್ತಿರದ ದಾಯಾದಿಗಳು ಇರುವದು ಎಷ್ಟೋ ದೂರದ ಹಿಮಾಲಯದಲ್ಲಿ. ನಡುವಣ ಬಯಲಿನಲ್ಲೆಲ್ಲಿಯೂ ಅದು ಬದುಕಲಾರದು. ಭೂಮಿಯ ಮೇಲೆ ಶೀತವು ಹೆಚ್ಚಾಗಿದ್ದ ಪ್ರಾಚೀನ ಯುಗದಲ್ಲಿ ಇಂಥ ಗಿಡಗಳು ದಕ್ಷಿಣದವರೆಗೂ ಹಬ್ಬಿದ್ದು, ಸೆಕೆಯು ಮರಳಿದಾಗ ಎತ್ತರದ ಬೆಟ್ಟಗಳಿಗೆ ಏರಿ ಉಳಿದುಕೊಂಡುವೆಂದು ವಿದ್ವಾಂಸರು ಊಹಿಸಿರುವರು. ಹನ್ನೆರಡು ವರುಷಗಳಿಗೊಮ್ಮೆ ಹೂಬಿಡುವ ಕುರಿಂಜಿಯೂ ಈ ಹುಲ್ಲುಗಾವಲಿನದೇ. ಕನ್ನಡ ನಾಡಿನ ಮಲೆಗಳಲ್ಲಿ ಅದರ ಬಳಗಕ್ಕೆ ಗುರ್ಗಿ ಎನ್ನುವರು. ಬಾಬಾಬುಡನಗಿರಿಯು ೨೦೦೬ರಲ್ಲಿಯೂ ೨೦೧೮ರಲ್ಲಿಯೂ ಇದರಿಂದ ನೀಲಿಯಾದುದನ್ನು ಸಾವಿರಾರು ಜನರು ಕಂಡಿರುವರು.

ಈ ಹುಲ್ಲುಗಾವಲು ಕಾಡು ಕಡಿದು ಉಳಿದ ಪಾಳುನೆಲವೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಯು ತಪ್ಪೆಂದು ತೋರಿಸಿದುದು ಜವುಗಿನ ಕಪ್ಪು ಮಣ್ಣು. ಸಾವಿರಾರು ವರುಷಗಳಿಂದ ಸತ್ತ ಎಲೆ ಬೇರುಗಳು ಅದರಲ್ಲಿ ಪದರಪದರವಾಗಿ ಕೂತಿರುವವು. ಮರಗಳು ಬಿಟ್ಟುಹೋದ ಅಂಗಾರದ ಗುರುತು ಬೇರೆ, ಹುಲ್ಲು ಬಿಟ್ಟುಹೋದ ಗುರುತು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಸಂಗಡಿಗರೂ ಈ ಪದರಗಳನ್ನು ಪರೀಕ್ಷಿಸಿ ೧೯೯೩ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಒಣಗಾಲಗಳಲ್ಲಿ ಹುಲ್ಲು ಮುಂದೊತ್ತುವದೂ ತೇವವಾದ ಕಾಲಗಳಲ್ಲಿ ಮರಗಳು ಮುಂದೊತ್ತುವದೂ ಸುಮಾರು ಇಪ್ಪತ್ತು ಸಾವಿರ ವರುಷಗಳಿಂದ ನಡೆದುಬಂದಿದೆಯೆಂದು ಅದರಿಂದ ಗೊತ್ತಾಯಿತು. ಎಂದರೆ ಈ ಹುಲ್ಲುಗಾವಲು ಮನುಷ್ಯನು ಕೆಡಿಸಿದ ಕಾಡಲ್ಲ. ಅದು ಬೆಟ್ಟದ ಪುರಾತನ ಆಸ್ತಿ. ಆದರೆ ಈ ತಿಳಿವು ಬರುವ ಹೊತ್ತಿಗೆ ಆ ಆಸ್ತಿಯ ಬಹುಭಾಗವು ಕೈಬಿಟ್ಟುಹೋಗಿದ್ದಿತು.

ಆಂಗ್ಲರು ಈ ಬೆಟ್ಟವನ್ನು ಮನಸ್ಸಿಗೆ ಹಚ್ಚಿಕೊಂಡುದು ೧೮೧೯ರ ತರುವಾಯ. ಆ ವರುಷ ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ನನು ಬೆಟ್ಟವನ್ನೇರಿದನು. ಅದೇ ವರುಷ ಫ್ರೆಂಚ್ ಸಸ್ಯಜ್ಞನಾದ ಲೆಶನೋಲನೂ ಅಲ್ಲಿಗೆ ಹೋಗಿ ಗಿಡಗಳನ್ನು ಸಂಗ್ರಹಿಸಿದನು. ಒಬ್ಬನು ಅಲ್ಲಿ ಏನಿದೆಯೆಂದು ನೋಡಲು ಹೋದವನು; ಇನ್ನೊಬ್ಬನು ಅಲ್ಲಿ ಏನನ್ನು ಬೆಳೆಯಬಹುದೆಂದು ನೋಡಿದವನು. ಮುಂದಿನ ನೂರು ವರುಷಗಳಲ್ಲಿ ಗೆದ್ದುದು ಎರಡನೆಯ ನೋಟ. ಸಲಿವನ್ನನು ಅಲ್ಲಿ ಮನೆ ಕಟ್ಟಿಸಿದನು, ಕೆರೆ ತೆಗೆಯಿಸಿದನು, ಬಟಾಟೆ ಮೊದಲಾದ ಪಲ್ಯದ ಬೆಳೆಗಳನ್ನೂ ಹಣ್ಣಿನ ಗಿಡಗಳನ್ನೂ ತರಿಸಿದನು. ಬಡಗರು ಬಟಾಟೆಯನ್ನು ಬಹುಬೇಗ ತಮ್ಮ ಹೊಲಗಳಿಗೆ ತೆಗೆದುಕೊಂಡರು. ಹೊಸ ಊರು ಬೆಳೆಯಿತು. ಬೇಸಿಗೆಯಲ್ಲಿ ಮದರಾಸಿನಿಂದ ಬರುವ ಅಧಿಕಾರಿಗಳೂ ದಂಡಿನವರೂ ಹೆಚ್ಚಿದರು.

ಸಸ್ಯೋದ್ಯಾನದ ಮೂಲವು ಶಾಸ್ತ್ರದಲ್ಲಿಲ್ಲ, ಕಾಯಿಪಲ್ಯದಲ್ಲಿರುವದು. ೧೮೪೫ರಲ್ಲಿ ಊರಿನ ಯುರೋಪಿಯನ್ ನಿವಾಸಿಗಳು ತಲೆಗೆ ತಿಂಗಳಿಗೆ ೩ ರೂಪಾಯಿ ವಂತಿಗೆ ಹಾಕಿ, ತಮಗೆ ಸರಿಯಾದ ದರದಲ್ಲಿ ಪಲ್ಯಗಳು ದೊರೆಯಲೆಂದು ಒಂದು ತೋಟವನ್ನು ಏರ್ಪಡಿಸಿದರು. ಆ ಏರ್ಪಾಡು ನಿಲ್ಲಲಿಲ್ಲ. ಆಗ ಮದರಾಸಿನ ಗವರ್ನರನಾಗಿದ್ದ ಟ್ವೀಡೇಲ್ ಮಾರ್ಕ್ವಿಸನು ಮುಂದಾಗಿ ೧೮೪೭ರಲ್ಲಿ ಸಾರ್ವಜನಿಕ ಉದ್ಯಾನಕ್ಕಾಗಿ ವಂತಿಗೆ ಕೂಡಿಸಿದನು. ಸರಕಾರದ ಬೇಡಿಕೆಯ ಮೇರೆಗೆ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮ್ಯಾಕೈವರನು ೧೮೪೮ರಲ್ಲಿ ಬಂದು ಕೆಲಸವನ್ನು ವಹಿಸಿಕೊಂಡನು. ಆಗ ಆ ಸ್ಥಳದ ಮೇಲುಭಾಗವು ಕಾಡು. ಕೆಳಭಾಗವು ಕೊರಕಲುಗಳಿಂದ ಕೂಡಿದ ಜವುಗು. ಮ್ಯಾಕೈವರನು ಜವುಗಿನ ನೀರನ್ನು ಕಾಲುವೆ ತೆಗೆದು ಹರಿಯಬಿಟ್ಟು, ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಸಮಮಾಡಿ, ಸುಮಾರು ಹತ್ತು ವರುಷಗಳ ಪರಿಶ್ರಮದಿಂದ ಉದ್ಯಾನಕ್ಕೆ ರೂಪವನ್ನು ಕೊಟ್ಟನು. ಇಂದು ಪ್ರೇಕ್ಷಕರು ಮೆಚ್ಚುವ ಹಸುರು ಹಾಸು ಆ ಜವುಗನ್ನು ಬತ್ತಿಸಿ ಮಾಡಿದುದು.

ಮ್ಯಾಕೈವರನ ಹೆಸರು ಉಳಿದಿರುವದು ಉದ್ಯಾನದಿಂದ ಮಾತ್ರವಲ್ಲ. ಚಳಿಜ್ವರಕ್ಕೆ ಆಗ ಇದ್ದ ಒಂದೇ ದಿವ್ಯೌಷಧವೆಂದರೆ ಕ್ವಿನೀನು. ಅದು ದೊರೆಯುವದು ಸಿಂಕೋನಾ ಮರದ ತೊಗಟೆಯಿಂದ. ಆ ಮರದ ತವರು ದಕ್ಷಿಣ ಅಮೇರಿಕೆಯ ಆಂಡೀಸ್ ಪರ್ವತಗಳು. ಕ್ಲೆಮೆಂಟ್ಸ್ ಮಾರ್ಕಂ ಎಂಬವನು ಬಹು ಸಾಹಸದಿಂದ ಅಲ್ಲಿಂದ ಸಸಿಬೀಜಗಳನ್ನು ಕೂಡಿಸಿ ೧೮೬೦ರಲ್ಲಿ ಭಾರತಕ್ಕೆ ತಂದ ಮೇಲೆ, ಅವನ್ನು ದೊಡ್ಡಬೆಟ್ಟದ ಮೇಲೆಯೂ ನಡುವಟ್ಟದಲ್ಲಿಯೂ ಬೆಳೆಯಿಸುವ ಹೊಣೆಯು ಮ್ಯಾಕೈವರನ ಮೇಲೆ ಬಿದ್ದಿತು. ಮರವನ್ನು ಕಡಿಯದೆ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ಸುಲಿದ ಕಡೆ ಪಾಚಿಯನ್ನು ಕಟ್ಟಿದರೆ ಮತ್ತೆ ತೊಗಟೆಯು ಬರುವದೆಂದು ಅವನು ಕಂಡುಹಿಡಿದನು. ಮುಂದೆ ಅಂಚೆಯ ಕಚೇರಿಗಳಲ್ಲಿಯೂ ಅಗ್ಗದ ಬೆಲೆಗೆ ಸಿಕ್ಕುವಂತಾದ ಕ್ವಿನೀನಿನ ಪೊಟ್ಟಣಗಳು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ. ಆದುದರಿಂದ ಪರದೇಶದ ಗಿಡಗಳನ್ನು ತಂದುದೆಲ್ಲ ಅನ್ಯಾಯವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವದು ಸರಿಯಾಗದು. ಬಟಾಟೆಯು ಹೊಟ್ಟೆ ತುಂಬಿಸಿತು, ಸಿಂಕೋನಾ ಜ್ವರ ಬಿಡಿಸಿತು. ಆದರೆ ಬರುವದನ್ನು ಸ್ವಾಗತಿಸಿದವರು ಇದ್ದುದನ್ನು ಕಾಯಲಿಲ್ಲ. ಕುಂದು ಇರುವದು ಇಲ್ಲಿಯೇ.

ಬೆಟ್ಟದಲ್ಲಿ ಇದ್ದುದನ್ನು ಕಣ್ಣಿಟ್ಟು ನೋಡಿದವರು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ರಾಬರ್ಟ್ ವೈಟ್ ಎಂಬ ವೈದ್ಯನು ದಕ್ಷಿಣ ಭಾರತದ ಸಸ್ಯಗಳನ್ನು ಕುರಿತು ದೊಡ್ಡ ಚಿತ್ರಸಂಪುಟಗಳನ್ನು ೧೮೩೮ರಿಂದ ೧೮೫೩ರವರೆಗೆ ಹೊರಡಿಸಿದನು. ನೀಲಗಿರಿಯ ಗಿಡಗಳಿಗಾಗಿಯೇ ಅವನು ಒಂದು ಬೇರೆ ಗ್ರಂಥವನ್ನು ಮಾಡಿದನು. ಅವನಿಗಾಗಿ ಚಿತ್ರಗಳನ್ನು ಬರೆದವರಲ್ಲಿ ಮುಖ್ಯರು ರಂಗಯ್ಯ ಮತ್ತು ಗೋವಿಂದು ಎಂಬ ಈ ದೇಶದ ಚಿತ್ರಗಾರರು. ಎಲೆಯ ನರಗಳನ್ನೂ ಹೂವಿನ ಒಳಗಣ ಕೇಸರಗಳನ್ನೂ ಬಿಡಿಬಿಡಿಯಾಗಿ ತೋರಿಸುವ ಅವರ ಕೈಚಳಕವಿಲ್ಲದಿದ್ದರೆ ವೈಟನ ಗ್ರಂಥಗಳಿಗೆ ಅಷ್ಟು ಬೆಲೆಯು ಬರುತ್ತಿರಲಿಲ್ಲ. ಇದನ್ನು ಬಲ್ಲ ವೈಟನು ಸೀತಾಳೆ ಜಾತಿಯ ಒಂದು ಸಸ್ಯಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. ಮುಂದೆ ಶಾಸ್ತ್ರಜ್ಞರು ಆ ಕುಲವನ್ನು ಬೇರೊಂದರಲ್ಲಿ ಸೇರಿಸಿದುದರಿಂದ ಆ ಹೆಸರು ಬಳಕೆಯಲ್ಲಿ ಉಳಿಯಲಿಲ್ಲ.

ಊರು ಬೆಳೆದಂತೆ ಸೌದೆಯ ಬೇಡಿಕೆಯೂ ಬೆಳೆಯಿತು. ಶೋಲೆಯ ಮರಗಳು ಬಹು ನಿಧಾನವಾಗಿ ಬೆಳೆಯುವಂಥವು. ಕಡಿದರೆ ಒಂದು ತಲೆಮಾರಿನಲ್ಲಿ ಮರಳಿ ಬರುವವಲ್ಲ. ಕಾಡುಗಳ ನಾಶದಿಂದ ಮಳೆಬೆಳೆಗಳಿಗೂ ನೀರಿಗೂ ಆಗುವ ಕೇಡನ್ನು ಆ ಕಾಲದಲ್ಲಿಯೇ ಎತ್ತಿ ಹೇಳಿದವನು ಹ್ಯೂ ಕ್ಲೆಗಾರ್ನ್. ಅವನು ಮೊದಲು ಮೈಸೂರು ಸೀಮೆಯ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದು, ಮಲೆನಾಡಿನ ಗಿಡಗಳ ಚಿತ್ರಗಳನ್ನು ಬರೆಯಿಸುತ್ತಿದ್ದವನು. ೧೮೫೧ರಲ್ಲಿ ಉಷ್ಣದೇಶದ ಅರಣ್ಯಗಳ ನಾಶವನ್ನು ಕುರಿತ ವರದಿಯನ್ನು ಬ್ರಿಟಿಷ್ ವಿದ್ವತ್ಸಭೆಗೆ ಒಪ್ಪಿಸಿದವರಲ್ಲಿ ಅವನು ಪ್ರಮುಖನು. ೧೮೫೬ರಲ್ಲಿ ಮದರಾಸು ಪ್ರಾಂತದ ಅರಣ್ಯಸಂರಕ್ಷಕನಾದನು. ಬೆಂಗಳೂರಿನ ಲಾಲಬಾಗು ಸರಕಾರದ ಸಸ್ಯೋದ್ಯಾನವಾದುದೂ ಅದೇ ವರುಷ. ಆದರೆ ನೀಲಗಿರಿಯಲ್ಲಿ ಸೌದೆಯ ಕೊರತೆಗೆ ಕಂಡ ಉಪಾಯವು ಮತ್ತೆ ಪರದೇಶದ್ದೇ ಆಯಿತು. ಆಸ್ಟ್ರೇಲಿಯದ ವಾಟಲ್ ಜಾಲಿಯು ೧೮೩೦ರ ಆಚೀಚೆಗೂ, ಈಗ ನೀಲಗಿರಿ ಎನ್ನಿಸಿಕೊಂಡಿರುವ ಮರವು ೧೮೪೩ರ ಸುಮಾರಿಗೂ ಬೆಟ್ಟವನ್ನು ಸೇರಿದ್ದವು. ೧೮೬೦ರ ದಶಕದಿಂದ ಸರಕಾರವೇ ಅವುಗಳ ತೋಪುಗಳನ್ನು ಹಾಕಿಸತೊಡಗಿತು. ತವರಿನ ನೆನಪಿಗೆಂದು ಆಂಗ್ಲರು ತಂದ ಗಾರ್ಸ್, ಬ್ರೂಮ್ ಎಂಬ ಹಳದಿ ಹೂವಿನ ಪೊದೆಗಳು ಅಂಗಳದ ಬೇಲಿಯನ್ನು ದಾಟಿ ಹುಲ್ಲುಗಾವಲಿಗೆ ಇಳಿದುವು.

ಸ್ವಾತಂತ್ರ್ಯವು ಬಂದ ಮೇಲೆ ಈ ರೀತಿಯು ನಿಲ್ಲಲಿಲ್ಲ, ಇನ್ನೂ ಹೆಚ್ಚಿತು. ಚರ್ಮ ಹದಮಾಡುವದಕ್ಕೆ ವಾಟಲಿನ ತೊಗಟೆಯೂ, ಕೃತಕ ನೂಲಿಗೆ ನೀಲಗಿರಿ ಮರದ ತಿರುಳೂ ಬೇಕಾಗಿದ್ದುವು. ಹುಲ್ಲುಗಾವಲನ್ನು ಲೆಕ್ಕದ ಪುಸ್ತಕಗಳಲ್ಲಿ ಬರಿಯ ನೆಲವೆಂದು ಬರೆದುಕೊಂಡಿದ್ದುದರಿಂದ ಅಲ್ಲಿ ಮರ ನೆಡುವದು ಪುಣ್ಯಕಾರ್ಯವೇ ಎಂದು ತೋರಿತು. ವಾಟಲಿನ ಬೀಜವು ಮಣ್ಣಿನಲ್ಲಿ ದಶಕಗಳವರೆಗೆ ಜೀವ ಹಿಡಿದುಕೊಂಡಿರುವದು. ಮರವನ್ನು ಕಡಿದ ಕಡೆ ಸಸಿಗಳು ಮತ್ತೆ ದಟ್ಟವಾಗಿ ಏಳುವವು. ನೀಲಗಿರಿಯ ನೆರೆಯ ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳೊಳಗೆ ಹುಲ್ಲುಗಾವಲಿನ ಸುಮಾರು ಮೂರರಲ್ಲಿ ಎರಡು ಪಾಲು ಹೊರಟುಹೋಯಿತೆಂದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಹುಲ್ಲೂ ಜವುಗೂ ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ತೊರೆಗಳಿಗೆ ಬಿಡುವಂಥವು. ನೀಲಗಿರಿಯಿಂದ ಇಳಿಯುವ ಭವಾನಿ, ಮೋಯಾರು ಹೊಳೆಗಳು ಕೂಡಿ ಕಾವೇರಿಗೆ ಸೇರುವವು. ಆದಕಾರಣ ಈ ನಷ್ಟವು ಬೆಟ್ಟದವರದು ಮಾತ್ರವಲ್ಲ.

ಗಿಡದೊಡನೆ ಮನುಷ್ಯನ ಆಚಾರವೂ ಹೇಗೆ ಅಳಿಯುವದೆಂಬುದಕ್ಕೆ ಒಂದು ಹುಲ್ಲಿನ ಉದಾಹರಣೆಯು ಸಾಕು. ಸಸ್ಯೋದ್ಯಾನದ ಮೇಲುಗಡೆಯೇ ತೋಡರ ಒಂದು ಮಂದು, ಎಂದರೆ ಹಟ್ಟಿ, ಇರುವದು. ತೋಡರು ತಮ್ಮ ದೇವಾಲಯಗಳಿಗೆ ಹೊದಿಸುವದು ಜವುಗಿನಲ್ಲಿ ಮಾತ್ರ ಬೆಳೆಯುವ ಒಂದು ಬಗೆಯ ಹುಲ್ಲನ್ನು. ದಕ್ಷಿಣ ಭಾರತದ ಹುಲ್ಲುಗಳ ಮೇಲೆ ೧೯೨೧ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕೆ. ರಂಗಾಚಾರ್ಯರ ಹೆಸರು ಈ ಹುಲ್ಲಿನ ಶಾಸ್ತ್ರೀಯ ನಾಮದಲ್ಲಿ ಸೇರಿರುವದು. ಅದು ಪಶ್ಚಿಮ ಘಟ್ಟದ ಈ ಎತ್ತರದ ಜವುಗುಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಜವುಗುಗಳು ಬತ್ತಿದಂತೆಲ್ಲ ಅದನ್ನು ಹುಡುಕಿಕೊಂಡು ದೂರದೂರ ಹೋಗಬೇಕಾಯಿತು. ಉದ್ಯಾನದ ಗಾಜಿನ ಮನೆಗಳಲ್ಲಿ ದೇಶದೇಶಾಂತರದ ಹೂಗಳು ಉಪಚಾರ ಪಡೆಯುತ್ತಿದ್ದಾಗ, ಗೋಡೆಯಾಚೆಯ ಹಟ್ಟಿಯವರಿಗೆ ತಮ್ಮ ದೇವರ ಗುಡಿಯನ್ನು ಹೊದಿಸುವ ಹುಲ್ಲು ದುರ್ಲಭವಾಗುತ್ತ ಬಂದಿತು.

ಅನ್ಯದೇಶಗಳಲ್ಲಿ ಬೆಟ್ಟದ ಮೇಲಣ ಉದ್ಯಾನಗಳು ಬೇರೊಂದು ದಾರಿಯನ್ನು ಹಿಡಿದುವು. ಫ್ರಾನ್ಸ್ ದೇಶದ ಲೋತಾರೆ ಘಾಟಿನಲ್ಲಿ ೧೮೯೯ರಲ್ಲಿಯೂ, ಬವೇರಿಯದ ಶಾಖೆನ್ನಿನಲ್ಲಿ ೧೯೦೧ರಲ್ಲಿಯೂ ಎತ್ತರದ ಸಸ್ಯಗಳ ಅಧ್ಯಯನಕ್ಕಾಗಿ ತೋಟಗಳು ಹುಟ್ಟಿದುವು. ಸ್ವಿಟ್ಜರ್ಲೆಂಡಿನ ಶೀನಿಗೆ ಪ್ಲಾಟೆ ಎಂಬಲ್ಲಿ ಸುಮಾರು ೬,೫೦೦ ಅಡಿ ಎತ್ತರದಲ್ಲಿ ೧೯೨೯ರಲ್ಲಿ ತೆರೆದ ತೋಟವಂತೂ ಆ ನಾಡಿನ ಸ್ವಂತ ಗಿಡಗಳನ್ನೇ, ಅವು ಬೆಳೆಯುವ ಬಂಡೆ ಹುಲ್ಲು ಜವುಗುಗಳ ನಡುವೆಯೇ ಇಟ್ಟು ಜನರಿಗೆ ತೋರಿಸುವದು. ಹೊರಗಿನದನ್ನು ತಂದು ಮೆರೆಸುವದಕ್ಕಿಂತ ಒಳಗಿನದನ್ನು ಉಳಿಸಿ ಪರಿಚಯ ಮಾಡಿಸುವದು ಉದ್ಯಾನದ ಹಿರಿಯ ಕೆಲಸವೆಂದು ಇಂದು ಲೋಕದ ಸಸ್ಯೋದ್ಯಾನಗಳೆಲ್ಲ ಒಪ್ಪುತ್ತ ಬಂದಿರುವವು. ಕನ್ನಡ ನಾಡಿನ ಗಡಿಗೆ ಹೊಂದಿದ ವಯನಾಡಿನ ಪೆರಿಯದಲ್ಲಿ ಜರ್ಮನಿಯಿಂದ ಬಂದ ವೋಲ್ಫ್‌ಗಾಂಗ್ ಥೋಯರ್‌ಕಾಫ್ ಅವರು ೧೯೮೧ರಲ್ಲಿ ಸ್ಥಾಪಿಸಿದ ಗುರುಕುಲ ಸಸ್ಯಾಶ್ರಮವು ಇದೇ ಕೆಲಸವನ್ನು ಮಾಡಿದೆ. ಪಶ್ಚಿಮ ಘಟ್ಟದಲ್ಲಿ ಅಳಿವಿನಂಚಿಗೆ ಬಂದ ಜರಿಗಿಡ, ಸೀತಾಳೆ, ಗೌರಿಹೂಗಳ ಬಳಗವನ್ನು ಅಲ್ಲಿ ತಂದು, ಕೈಯಾರೆ ಉಪಚರಿಸಿ, ವಂಶವು ಉಳಿಯುವಂತೆ ಮಾಡುತ್ತಿರುವರು.

ನೀಲಗಿರಿಯಲ್ಲಿಯೂ ಬುದ್ಧಿಯು ತಡವಾಗಿಯಾದರೂ ತಿರುಗಿದೆ. ೧೯೮೬ರಲ್ಲಿ ಭಾರತದ ಮೊಟ್ಟಮೊದಲನೆಯ ಜೀವಗೋಲ ರಕ್ಷಿತ ಪ್ರದೇಶವಾಗಿ ಗೊತ್ತುಮಾಡಿದುದು ನೀಲಗಿರಿಯನ್ನೇ. ಕರ್ನಾಟಕದ ಬಂಡೀಪುರ ನಾಗರಹೊಳೆಗಳೂ ಅದರಲ್ಲಿ ಸೇರಿರುವವು. ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲಿ ಹುಲ್ಲುಗಾವಲಿನ ಒಂದು ದೊಡ್ಡ ತುಂಡು ಇನ್ನೂ ಉಳಿದಿದೆ. ವಾಟಲನ್ನು ತೆಗೆದು ಹುಲ್ಲಿನ ಗೆಡ್ಡೆಗಳನ್ನು ಕೈಯಿಂದ ನೆಡುವ ಪ್ರಯತ್ನಗಳು ನಡೆದಿರುವವು. ಶೋಲೆಯ ಮರವನ್ನು ಸಸಿಮಡಿಯಲ್ಲಿ ಬೆಳೆಯಿಸುವದು ಕಷ್ಟ. ಹತ್ತಾರು ಬಗೆಯ ಹುಲ್ಲುಗಳೂ ಅವುಗಳ ನಡುವಣ ಹೂಗಿಡಗಳೂ ಕೂಡಿದ ಹುಲ್ಲುಗಾವಲನ್ನು ಮರಳಿ ಕಟ್ಟುವದು ಅದಕ್ಕಿಂತಲೂ ಕಷ್ಟ. ಇಂಥ ಕೆಲಸಕ್ಕೆ ಬೇಕಾದ ನೆಲ, ನೀರು, ಸಸಿಮಡಿ, ಪಳಗಿದ ಕೈಗಳು ಇವೆಲ್ಲವೂ ಮ್ಯಾಕೈವರನ ಉದ್ಯಾನದಲ್ಲಿ ಸಿದ್ಧವಾಗಿರುವವು. ಪ್ರತಿ ವರುಷ ಬೇಸಿಗೆಯಲ್ಲಿ ಅಲ್ಲಿ ನಡೆಯುವ ಪುಷ್ಪಪ್ರದರ್ಶನಕ್ಕೆ ಬರುವ ಜನಸಮೂಹವು ಬಹು ದೊಡ್ಡದು. ಅವರಲ್ಲಿ ಎಷ್ಟು ಜನರು ಬೆಟ್ಟದ ಸ್ವಂತ ಹೂವೊಂದನ್ನು ಗುರುತಿಸಿ ಮರಳುವರೆಂಬುದೇ ಆ ಉದ್ಯಾನವು ಮುಂದೆ ತನಗೆ ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಪ್ರಶ್ನೆಯು ಕನ್ನಡಿಗರನ್ನೂ ಬಿಟ್ಟಿಲ್ಲ. ಉದಕಮಂಡಲದ ಫರ್ನ್‌ಹಿಲ್ಲಿನಲ್ಲಿ ಕರ್ನಾಟಕದ ತೋಟಗಾರಿಕೆ ಇಲಾಖೆಗೆ ಸೇರಿದ ೩೮ ಎಕರೆಯ ಉದ್ಯಾನವೊಂದು ಇರುವದು. ಕನ್ನಡ ನಾಡಿನೊಳಗೆ ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿಯೂ, ನಂದಿಬೆಟ್ಟದ ಮೇಲೆಯೂ ಅದೇ ಇಲಾಖೆಯ ತೋಟಗಳಿರುವವು. ಅವುಗಳ ಸುತ್ತಣ ಬೆಟ್ಟಗಳ ಗಿಡಗಳಿಗೆ ಆ ತೋಟಗಳಲ್ಲಿ ಒಂದೊಂದು ಮಡಿಯನ್ನು ಮೀಸಲಿಟ್ಟು, ಸ್ಥಳೀಯರು ಕರೆಯುವ ಹೆಸರನ್ನೇ ಫಲಕದ ಮೇಲೆ ಬರೆದರೆ, ಅದಕ್ಕೆ ತಗಲುವ ವೆಚ್ಚವು ಅಲ್ಪ. ಬಯಲುಸೀಮೆಯವರಿಗೂ ಈ ಚರಿತ್ರೆಯಿಂದ ತಿಳಿಯಬೇಕಾದುದುಂಟು. ನೀಲಗಿರಿ ಮರದ ಇನ್ನೊಂದು ಜಾತಿಯನ್ನು ಕರ್ನಾಟಕದ ಬಯಲಿನಲ್ಲಿಯೂ ದಶಕಗಳವರೆಗೆ ನೆಟ್ಟು, ಅಂತರ್ಜಲದ ಚಿಂತೆಯು ಹುಟ್ಟಿದ ಮೇಲೆ ೨೦೧೭ರಲ್ಲಿ ಸರಕಾರವು ಅದರ ನೆಡುವಿಕೆಯನ್ನು ನಿಷೇಧಿಸಬೇಕಾಯಿತು. ಹೊಲದ ಬದುವಿನ ಹುಲ್ಲನ್ನೂ ಹಳ್ಳದ ದಂಡೆಯ ಗಿಡಗಳನ್ನೂ ಹೆಸರಿಡಿದು ಕರೆಯಬಲ್ಲ ಹಿರಿಯರು ಗೊಬ್ಬೂರಿನ ಕರಿಮಣ್ಣಿನ ಸೀಮೆಯಲ್ಲಿ ಇರುವವರೆಗೆ, ಆ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳುವದು ಓದುಬರಹ ಬಲ್ಲ ಮನೆಗಳವರಿಂದ ಆಗಬಹುದಾದ ಕೆಲಸ. ನೀಲಗಿರಿಯ ಮೇಲೆ ಆ ಕೆಲಸವನ್ನು ಮಾಡಿದವರು ಒಬ್ಬ ವೈಟ್, ಒಬ್ಬ ರಂಗಯ್ಯ, ಒಬ್ಬ ಗೋವಿಂದು. ಇಂದು ಅಲ್ಲಿ ಕಳೆದುಹೋದುದನ್ನು ಮರಳಿ ನೆಡಲು ಹೊರಟವರಿಗೆ ಏನು ಕಳೆದಿದೆಯೆಂದು ತಿಳಿಯುವದು ಅವರ ಚಿತ್ರಗಳಿಂದಲೂ ಅಂಥ ಬರಹಗಳಿಂದಲೂ.